ಬೈಕಿಂದ ಬಿದ್ದಾಗ ಏನಾಗುತ್ತದೆ, ಹೆಲ್ಮೆಟ್ಟು ಜಾಕೆಟ್ಟು ಏನು ಮಾಡುತ್ತವೆ

ನಿಂತಿರುವ ಬೈಕಿನ ಮೇಲೆ ಕೂತವರು ಆಯತಪ್ಪಿ ಪಕ್ಕಕ್ಕೆ ಬಿದ್ದರು ಅಂತಿಟ್ಟುಕೊಳ್ಳಿ. ತಲೆ ನೆಲಕ್ಕೆ ಎಷ್ಟು ವೇಗದಲ್ಲಿ ಬಡಿಯುತ್ತದೆ? ಸೀಟಿನ ಮೇಲೆ ಕೂತಾಗ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಆ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ 20 ಕಿಲೋಮೀಟರ್ ಹತ್ತಿರ ಬಂದಿರುತ್ತದೆ. ಬೈಕ್ ಓಡುತ್ತಿರಲೇಬೇಕು ಅಂತಿಲ್ಲ. ಎಂಜಿನ್ ಆಫ್ ಇದ್ದರೂ ಲೆಕ್ಕ ಇದೇ.

"ಇಲ್ಲೇ ಹತ್ರ ಹೋಗಿ ಬರ್ತೀನಿ, ಹೆಲ್ಮೆಟ್ ಯಾಕೆ" ಅನ್ನುವ ಮಾತಿಗೆ ಉತ್ತರ ಈ ಲೆಕ್ಕದಲ್ಲೇ ಇದೆ. ಹಾಗಂತ ತಲೆ ಮುಚ್ಚಿಕೊಂಡರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಹೊಸದಾಗಿ ಬೈಕ್ ಕೊಂಡವರು ಸಾಮಾನು ಹುಡುಕಲು ಹೊರಟರೆ ‘ಲೆವೆಲ್ 2 ಆರ್ಮರ್’, ‘ಎಎ ರೇಟಿಂಗ್’, ‘ಸಿಇ ಸರ್ಟಿಫೈಡ್’ (ಯುರೋಪಿನ ಸುರಕ್ಷತಾ ಮುದ್ರೆ) ಅಂತೆಲ್ಲ ಕಿವಿಗೆ ಬೀಳುತ್ತದೆ. ಇದರಲ್ಲಿ ಯಾವುದು ನಿಜಕ್ಕೂ ಬೇಕು, ಯಾವುದು ಬರೀ ಶೋಕಿ? ಅದು ಗೊತ್ತಾಗಬೇಕಾದರೆ ಬಿದ್ದಾಗ ಮೈಗೆ ಏನಾಗುತ್ತದೆ ಅಂತ ಮೊದಲು ನೋಡಬೇಕು.

## ಬೀಳೋದು ಒಂದೇ ಸಲ, ಪೆಟ್ಟು ಮೂರು ಥರ

ಮೊದಲನೆಯದು ಮೈ ನೆಲಕ್ಕೆ ಅಪ್ಪಳಿಸುವುದು. ಇದು ಎತ್ತರದ ವಿಷಯ. ಎರಡನೆಯದು ಬಿದ್ದ ಮೇಲೆ ರಸ್ತೆಯಲ್ಲಿ ಉಜ್ಜಿಕೊಂಡು ಜಾರುವುದು. ಇದು ಬೈಕಿನ ವೇಗದ ವಿಷಯ. ಮೂರನೆಯದು ಜಾರುತ್ತಾ ಹೋಗಿ ಕಂಬಕ್ಕೋ ಕಾರಿಗೋ ರಸ್ತೆಯಂಚಿನ ಕಲ್ಲಿಗೋ ಗುದ್ದುವುದು.

ಸವಾರರು ತೊಡುವ ಎಲ್ಲ ಸಾಮಾನೂ ಈ ಮೂರರಲ್ಲಿ ಒಂದಕ್ಕೋ ಎರಡಕ್ಕೋ ಮಾಡಿದ್ದು. ಹೆಲ್ಮೆಟ್ ಮತ್ತು ಪ್ಯಾಡುಗಳು ಅಪ್ಪಳಿಸುವ ಪೆಟ್ಟಿಗೆ. ಜಾಕೆಟ್ಟು, ಪ್ಯಾಂಟಿನ ಬಟ್ಟೆ ಉಜ್ಜುವ ಪೆಟ್ಟಿಗೆ. ಮೂರನೆಯದಕ್ಕೆ ಮಾತ್ರ ಯಾರ ಹತ್ತಿರವೂ ಪೂರ್ತಿ ಉತ್ತರವಿಲ್ಲ. ಗಂಟೆಗೆ 60ರಲ್ಲಿ ಹೋಗಿ ಕಂಬಕ್ಕೆ ಎದೆ ಕೊಟ್ಟರೆ ಯಾವ ಜಾಕೆಟ್ಟೂ ಪವಾಡ ಮಾಡುವುದಿಲ್ಲ. ಜಾಹೀರಾತುಗಳು ಇದನ್ನು ಹೇಳುವುದಿಲ್ಲ, ಅದಕ್ಕೇ ಇಲ್ಲಿ ಮೊದಲೇ ಹೇಳಿಬಿಡುವುದು ಒಳ್ಳೆಯದು.

## ಹೆಲ್ಮೆಟ್ಟಿನಲ್ಲಿ ಕೆಲಸ ಮಾಡುವುದು ಥರ್ಮಾಕೋಲ್

ಹೆಲ್ಮೆಟ್ ಕೊಳ್ಳುವಾಗ ನಾವು ನೋಡುವುದು ಹೊರಗಿನ ಚಿಪ್ಪನ್ನು. ಬೆರಳಲ್ಲಿ ತಟ್ಟಿ, "ಗಟ್ಟಿ ಇದೆ" ಅಂತ ಸಮಾಧಾನಪಟ್ಟುಕೊಳ್ಳುತ್ತೇವೆ. ಚಿಪ್ಪಿಗೂ ಕೆಲಸವಿದೆ. ಚೂಪಾದ ವಸ್ತು ಒಳಗೆ ನುಗ್ಗದಂತೆ ತಡೆಯುತ್ತದೆ, ಒಂದು ಕಡೆ ಬಿದ್ದ ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಆದರೆ ಮಿದುಳನ್ನು ಉಳಿಸುವುದು ಅದರೊಳಗಿನ ದಪ್ಪನೆಯ ಪದರ. ಅದು ಟಿವಿ ಡಬ್ಬದಲ್ಲಿ ಬರುವ ಥರ್ಮಾಕೋಲ್ ಜಾತಿಯದೇ, ಸ್ವಲ್ಪ ಹೆಚ್ಚು ಒತ್ತಾಗಿರುತ್ತದೆ, ಅಷ್ಟೇ. ಬಹುಪಾಲು ಗಾಳಿ.

ಕ್ರಿಕೆಟ್‌ನಲ್ಲಿ ಜೋರಾಗಿ ಬಂದ ಕ್ಯಾಚ್ ಹಿಡಿಯುವವರು ಕೈಯನ್ನು ಚೆಂಡಿನ ಜೊತೆಗೇ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಅಲ್ವಾ? ಚೆಂಡು ನಿಲ್ಲಲು ಜಾಸ್ತಿ ದೂರ ಸಿಕ್ಕಷ್ಟೂ ಅಂಗೈಗೆ ನೋವು ಕಮ್ಮಿ. ಥರ್ಮಾಕೋಲ್ ಮಾಡುವುದೂ ಇದನ್ನೇ. ತಾನು ನಜ್ಜುಗುಜ್ಜಾಗಿ ತಲೆಗೆ ನಿಲ್ಲಲು ಜಾಗ ಕೊಡುತ್ತದೆ.

ಎಷ್ಟು ಜಾಗ? ಬರಿತಲೆ ಟಾರಿಗೆ ಬಡಿದರೆ ನಿಲ್ಲಲು ಸಿಗುವುದು ಹೆಚ್ಚೆಂದರೆ ಮೂರು ಮಿಲಿಮೀಟರ್ ಅಂತಿಟ್ಟುಕೊಳ್ಳೋಣ. ಚರ್ಮ ಅಷ್ಟು ಕುಗ್ಗುತ್ತದೆ. ಮೇಲೆ ಹೇಳಿದ 20 ಕಿ.ಮೀ. ವೇಗ ಅಷ್ಟರಲ್ಲೇ ಸೊನ್ನೆಯಾಗಬೇಕಾದರೆ ತಲೆಯ ಮೇಲೆ ಬೀಳುವ ಬಲ ಅದರ ತೂಕದ ಸುಮಾರು 500 ಪಟ್ಟು. ಹೆಲ್ಮೆಟ್ಟಿನ ಪದರ 25 ಮಿಲಿಮೀಟರ್ ಕುಗ್ಗಿ ಜಾಗ ಕೊಟ್ಟರೆ ಅದು ಸುಮಾರು 60 ಪಟ್ಟಿಗೆ ಇಳಿಯುತ್ತದೆ. ಎರಡು ಬೆರಳು ದಪ್ಪವೂ ಇಲ್ಲದ ಥರ್ಮಾಕೋಲ್ ಮಾಡುವ ವ್ಯತ್ಯಾಸ ಇದು.

ಒಮ್ಮೆ ನಜ್ಜಾದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಒಂದು ಜೋರು ಪೆಟ್ಟು ತಿಂದ ಹೆಲ್ಮೆಟ್ಟಿನ ಕೆಲಸ ಅಲ್ಲಿಗೆ ಮುಗಿಯಿತು, ಹೊರಗೆ ಒಂದು ಗೀರೂ ಕಾಣದಿದ್ದರೂ ಸರಿ. ಬೇರೆಯವರು ಬಳಸಿದ ಹೆಲ್ಮೆಟ್ ಕೊಳ್ಳಬೇಡಿ ಅನ್ನುವುದು ಇದಕ್ಕೇ: ಅದು ಏನೇನು ಅನುಭವಿಸಿದೆ ಅಂತ ನೋಡಿ ಹೇಳಲು ಆಗುವುದಿಲ್ಲ. ಬೆವರು, ಕೂದಲಿನ ಎಣ್ಣೆ, ಬಿಸಿಲು, ಪೆಟ್ರೋಲ್ ಹನಿ ಎಲ್ಲವೂ ನಿಧಾನಕ್ಕೆ ಅದನ್ನು ಹಾಳುಮಾಡುತ್ತವೆ. ಹೆಲ್ಮೆಟ್ ಪರೀಕ್ಷಿಸುವ ಅಮೆರಿಕದ ಸ್ನೆಲ್ ಫೌಂಡೇಶನ್ ಸೇರಿದಂತೆ ಈ ಕ್ಷೇತ್ರದವರು ಐದು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತಾರೆ.

ಇನ್ನೊಂದು ಪೆಟ್ಟು ಸೂಕ್ಷ್ಮ. ತಲೆ ನೇರವಾಗಿ ಬಡಿಯುವುದು ಅಪರೂಪ. ಹೆಚ್ಚಾಗಿ ಓರೆಯಾಗಿ ತಾಗಿ ಗಿರ್ರನೆ ತಿರುಗುತ್ತದೆ. ಬುರುಡೆ ತಿರುಗಿದಷ್ಟೇ ವೇಗಕ್ಕೆ ಒಳಗಿನ ಮೆತ್ತನೆಯ ಮಿದುಳು ತಿರುಗುವುದಿಲ್ಲ, ಹಿಂದೆ ಉಳಿಯುತ್ತದೆ. ಆ ಎಳೆತದಲ್ಲಿ ನರದ ಎಳೆಗಳು, ಸಣ್ಣ ರಕ್ತನಾಳಗಳು ಹರಿಯುತ್ತವೆ. ಕೆಲವು ಹೆಲ್ಮೆಟ್ಟುಗಳ ಒಳಗೆ ಹಳದಿ ಬಣ್ಣದ ತೆಳುವಾದ ಜಾರುವ ಪದರ ಕಾಣುತ್ತದೆ. ಅದಕ್ಕೆ ಮಿಪ್ಸ್ ಅಂತ ಹೆಸರು, ಸ್ವೀಡನ್ನಿನಲ್ಲಿ ಹುಟ್ಟಿದ್ದು. ಪೆಟ್ಟು ಬಿದ್ದಾಗ ಒಂದು ಸೆಂಟಿಮೀಟರಿನಷ್ಟು ಜಾರಿ, ತಿರುಗುವ ಬಲದಲ್ಲಿ ಸ್ವಲ್ಪವನ್ನು ತಾನು ನುಂಗಿಕೊಳ್ಳುತ್ತದೆ.

## ಹೆಲ್ಮೆಟ್ ಬೇಕು ಅಂತ ಗೊತ್ತಾಗಿದ್ದು ಯಾವಾಗ

ಮೊದಲ ಮಹಾಯುದ್ಧದ ಕಾಲದಲ್ಲಿ ಹೆಸರು ಮಾಡಿದ್ದ ಬ್ರಿಟಿಷ್ ಸೇನಾಧಿಕಾರಿ ಟಿ.ಇ. ಲಾರೆನ್ಸ್ 1935ರ ಮೇ 13ರಂದು ಇಂಗ್ಲೆಂಡಿನಲ್ಲಿ ಬೈಕಿಂದ ಬಿದ್ದರು. ಹೆಲ್ಮೆಟ್ ಇರಲಿಲ್ಲ. ತಲೆಗೆ ಪೆಟ್ಟಾಗಿ ಆರು ದಿನದ ನಂತರ ತೀರಿಕೊಂಡರು. ನೋಡಿಕೊಂಡ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅನ್ನುವ ಮಿದುಳು ಶಸ್ತ್ರಚಿಕಿತ್ಸಕರೂ ಒಬ್ಬರು. ಅವರು ಈ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. ಬೈಕ್ ಅಪಘಾತಗಳ ಮಾಹಿತಿ ಕಲೆಹಾಕಿ, ಹೆಲ್ಮೆಟ್ ಯಾಕೆ ಬೇಕು ಅಂತ 1941ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಅಲ್ಲಿನ ಸಾಮಾನ್ಯ ಜನರಿಗೆ ಈ ಕಾನೂನು ಬರಲು ಮಾತ್ರ 1973 ಆಗಬೇಕಾಯಿತು.

ಈಗ ಅನುಮಾನಕ್ಕೆ ಜಾಗ ಉಳಿದಿಲ್ಲ. ಬೇರೆ ಬೇರೆ ದೇಶಗಳ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಅಳೆದು ನೋಡಿದ ಕೊಕ್ರೇನ್ ವಿಮರ್ಶೆ 2008ರಲ್ಲಿ ಬಂತು. ಹೆಲ್ಮೆಟ್ ಇದ್ದರೆ ಅಪಘಾತದಲ್ಲಿ ಸಾಯುವ ಸಂಭವ ಸುಮಾರು 42%, ತಲೆಗೆ ಪೆಟ್ಟಾಗುವ ಸಂಭವ ಸುಮಾರು 69% ಕಮ್ಮಿ ಅಂತ ಅದು ಲೆಕ್ಕ ಹಾಕಿದೆ.

## ಯಾವ ಹೆಲ್ಮೆಟ್, ಹೇಗೆ ಕೂರಬೇಕು

ಜರ್ಮನಿಯಲ್ಲಿ ಡೀಟ್ಮಾರ್ ಒಟ್ಟೆ ಅನ್ನುವ ಸಂಶೋಧಕರು ಅಪಘಾತಕ್ಕೆ ಸಿಕ್ಕ ಹೆಲ್ಮೆಟ್ಟುಗಳ ಮೇಲೆ ಪೆಟ್ಟು ಎಲ್ಲೆಲ್ಲಿ ಬಿದ್ದಿದೆ ಅಂತ ಗುರುತು ಹಾಕುತ್ತಾ ಹೋದರು. ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಬಿದ್ದಿದ್ದು ಗದ್ದದ ಭಾಗಕ್ಕೆ. ಮುಖ ತೆರೆದಿರುವ ಅರ್ಧ ಹೆಲ್ಮೆಟ್ ಆ ಜಾಗದಲ್ಲಿ ಇರುವುದೇ ಇಲ್ಲ. ಪೂರ್ತಿ ಮುಖ ಮುಚ್ಚುವುದನ್ನೇ ಕೊಳ್ಳಿ ಅನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹಿಂದೆ ಅಂಟಿಸಿದ ಮುದ್ರೆ ಅಂದರೆ ಆ ಮಾದರಿ ಒಂದು ನಿಗದಿತ ಪರೀಕ್ಷೆ ಪಾಸಾಗಿದೆ ಅಂತ. ಭಾರತಕ್ಕೆ ಐಎಸ್ 4151, ಅಮೆರಿಕಕ್ಕೆ ಡಿಒಟಿ, ಯುರೋಪ್ ಮತ್ತು ಇನ್ನೂ ಅನೇಕ ದೇಶಗಳಿಗೆ ಇಸಿಇ. ಎಲ್ಲದರಲ್ಲೂ ಹೆಲ್ಮೆಟ್ಟಿನೊಳಗೆ ಲೋಹದ ತಲೆ ಇಟ್ಟು, ಗಟ್ಟಿ ಕಬ್ಬಿಣದ ದಿಂಡಿನ ಮೇಲೆ ಬೀಳಿಸಿ, ಒಳಗಿನ ತಲೆಗೆ ಎಷ್ಟು ಆಘಾತ ತಲುಪಿತು ಅಂತ ಅಳೆಯುತ್ತಾರೆ. ಇಸಿಇಯ ಈಗಿನ ಆವೃತ್ತಿ 22.06ರಲ್ಲಿ ಹಿಂದಿನ ಆವೃತ್ತಿಯಲ್ಲಿ ಇಲ್ಲದಿದ್ದ ಒಂದು ಪರೀಕ್ಷೆ ಸೇರಿದೆ: ಓರೆಯಾಗಿ ಬೀಳಿಸಿ ತಿರುಗುವ ಬಲವನ್ನೂ ನೋಡುತ್ತಾರೆ.

ಮುದ್ರೆ ಇದ್ದರೂ ಅಳತೆ ಸರಿಯಿಲ್ಲದಿದ್ದರೆ ಎಲ್ಲ ವ್ಯರ್ಥ. ಹಾಕಿಕೊಂಡು, ಪಟ್ಟಿ ಬಿಗಿದು, ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡ ತಿರುಗಿಸಿ. ಕೆನ್ನೆಯ ಚರ್ಮ ಅದರ ಜೊತೆಗೇ ಎಳೆದುಕೊಂಡು ಬರಬೇಕು. ಕೆನ್ನೆ ನಿಂತಲ್ಲೇ ನಿಂತು ಹೆಲ್ಮೆಟ್ ಮಾತ್ರ ತಿರುಗಿದರೆ ಅದು ದೊಡ್ಡದಾಯಿತು. ಆಮೇಲೆ ಹಿಂಭಾಗದ ಅಂಚಿಗೆ ಬೆರಳು ಹಾಕಿ ಮುಂದಕ್ಕೆ ಉರುಳಿಸಲು ನೋಡಿ. ಕಳಚಿ ಬಂದರೆ ಬೀಳುವಾಗಲೂ ಕಳಚುತ್ತದೆ. ಹೊಸದರಲ್ಲಿ ಕೆನ್ನೆ ಸ್ವಲ್ಪ ಒತ್ತಿದ ಹಾಗಿರಬೇಕು, ದಿನ ಕಳೆದಂತೆ ಸ್ಪಂಜು ಸಡಿಲವಾಗುತ್ತದೆ. ಹಣೆ ನೋಯುವಂತಿದ್ದರೆ ಮಾತ್ರ ಆ ಆಕಾರ ನಿಮ್ಮ ತಲೆಗೆ ಹೊಂದುವುದಿಲ್ಲ ಅಂತ ಅರ್ಥ.

ಪಟ್ಟಿ ಹಾಕದೆ ಸುಮ್ನೆ ತಲೆ ಮೇಲೆ ಇಟ್ಟುಕೊಂಡು ಹೋಗುವವರ ಬಗ್ಗೆ ಬರೆಯಲು ಏನೂ ಇಲ್ಲ. ಮೊದಲ ಪೆಟ್ಟಿಗೇ ಹೆಲ್ಮೆಟ್ ಒಂದು ಕಡೆ, ತಲೆ ಇನ್ನೊಂದು ಕಡೆ.

## ಎರಡೂವರೆ ಸೆಕೆಂಡಿನ ಜಾರುವಿಕೆ

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಿದ್ದ ಸವಾರರು ಒಣಗಿದ ಟಾರು ರಸ್ತೆಯಲ್ಲಿ ಏನಕ್ಕೂ ಗುದ್ದದೆ ಜಾರಿದರೆ ನಿಲ್ಲುವುದು ಸುಮಾರು 20 ಮೀಟರ್ ಆಚೆ. ಹಿಡಿಯುವ ಹೊತ್ತು ಎರಡೂವರೆ ಸೆಕೆಂಡ್. ವೇಗ 80 ಆದರೆ ದೂರ ಸುಮಾರು 35 ಮೀಟರ್. ವೇಗ ಮೂರನೇ ಒಂದರಷ್ಟು ಏರಿದರೆ ದೂರ ಎರಡು ಪಟ್ಟಿನ ಹತ್ತಿರ.

ಸಾಮಾನ್ಯ ಜೀನ್ಸ್ ಬಟ್ಟೆ ಪ್ರಯೋಗಾಲಯದ ಉಜ್ಜುವ ಪರೀಕ್ಷೆಯಲ್ಲಿ ತೂತಾಗಲು ತೆಗೆದುಕೊಳ್ಳುವುದು ಒಂದು ಸೆಕೆಂಡಿನ ಆಸುಪಾಸು. ಉಳಿದ ಹೊತ್ತು ಉಜ್ಜುವುದು ಚರ್ಮ. ತೆಳು ಪಾಲಿಯೆಸ್ಟರ್ ಬಟ್ಟೆಯದು ಬೇರೆಯೇ ಕಥೆ. ಉಜ್ಜಿದ ಬಿಸಿಗೆ ಕರಗಿ ಗಾಯಕ್ಕೇ ಅಂಟಿಕೊಳ್ಳುತ್ತದೆ, ಆಸ್ಪತ್ರೆಯಲ್ಲಿ ಅದನ್ನು ಕೆರೆದು ತೆಗೆಯಬೇಕಾಗುತ್ತದೆ. ತರಚು ಗಾಯ ಅಂತ ನಾವು ಹಗುರವಾಗಿ ಹೇಳುವುದು ಆಳವಾದರೆ ಸುಟ್ಟ ಗಾಯಕ್ಕೆ ಮಾಡುವ ಹಾಗೆ ಚರ್ಮ ಕಸಿ ಮಾಡಬೇಕಾಗಬಹುದು.

ಇದನ್ನು ತಡೆಯಲು ದಪ್ಪ ಹಸುವಿನ ಚರ್ಮ ಹಳೆಯ ಉಪಾಯ, ಈಗಲೂ ಒಳ್ಳೆಯದೇ. ಕೆವ್ಲಾರ್ ಥರದ ಅರಾಮಿಡ್ ನೂಲು, ಒತ್ತಾಗಿ ನೇಯ್ದ ಕಾರ್ಡುರಾ ನೈಲಾನ್ ಆಮೇಲೆ ಬಂದವು. ಬಟ್ಟೆಯಷ್ಟೇ ಮುಖ್ಯ ಹೊಲಿಗೆ. ಎಂಥ ಗಟ್ಟಿ ಬಟ್ಟೆಯಾದರೂ ಒಂದೇ ಸಾಲು ಹೊಲಿಗೆ ಇದ್ದರೆ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಯುರೋಪಿನ ಇಎನ್ 17092 ಮಾನದಂಡ ಬಟ್ಟೆಗಳಿಗೆ ದರ್ಜೆ ಕೊಡುತ್ತದೆ. ಎಎಎ ಎಲ್ಲಕ್ಕಿಂತ ಮೇಲು, ಆಮೇಲೆ ಎಎ, ಎ. ಭುಜ, ಮೊಣಕೈ, ಸೊಂಟದ ಪಕ್ಕ, ಮಂಡಿ, ಹೀಗೆ ಮೊದಲು ನೆಲಕ್ಕೆ ತಾಗುವ ಜಾಗದ ಬಟ್ಟೆಗೆ ಕಠಿಣ ಪರೀಕ್ಷೆ. ತಿರುಗುವ ಯಂತ್ರಕ್ಕೆ ಬಟ್ಟೆ ಕಟ್ಟಿ ಕಾಂಕ್ರೀಟಿನ ಮೇಲೆ ಬಿಡುತ್ತಾರೆ. ವೇಗ ಎ ದರ್ಜೆಗೆ 45 ಕಿ.ಮೀ., ಎಎಗೆ 70, ಎಎಎಗೆ 120. ಇನ್ನೆರಡು ದರ್ಜೆಗಳ ಬಗ್ಗೆ ಎಚ್ಚರ ಇರಲಿ. ಬಿ ಅಂದರೆ ಉಜ್ಜುವಿಕೆ ತಡೆಯುತ್ತದೆ, ಪ್ಯಾಡ್ ಇಲ್ಲ. ಸಿ ಅಂದರೆ ಪ್ಯಾಡ್ ಇದೆ, ಉಜ್ಜುವಿಕೆಗೆ ಏನೂ ಇಲ್ಲ, ಬೇರೆ ಜಾಕೆಟ್ಟಿನ ಕೆಳಗೆ ಹಾಕಲು ಮಾಡಿದ್ದು. ಎಷ್ಟೋ ಜನ ಸಿ ದರ್ಜೆಯ ಜಾಲರಿ ಅಂಗಿಯನ್ನೇ ಜಾಕೆಟ್ ಅಂದುಕೊಂಡು ಹಾಕಿ ಓಡಾಡುತ್ತಾರೆ.

## ಪ್ಯಾಡಿನ ಲೆವೆಲ್ 1, ಲೆವೆಲ್ 2

ಜಾಕೆಟ್ಟಿನ ಭುಜ ಮತ್ತು ಮೊಣಕೈಯಲ್ಲಿ ಇರುವ ಪ್ಯಾಡಿಗೆ ಆರ್ಮರ್ ಅನ್ನುತ್ತಾರೆ. ಈಗ ಹೆಚ್ಚಾಗಿ ಬರುವುದು ವಿಚಿತ್ರ ಸ್ವಭಾವದ ವಸ್ತುವಿನದು. ಬೆರಳಲ್ಲಿ ಒತ್ತಿದರೆ ಮೆತ್ತಗೆ ಬಾಗುತ್ತದೆ, ಸುತ್ತಿಗೆಯಲ್ಲಿ ಬಡಿದರೆ ಆ ಕ್ಷಣಕ್ಕೆ ಗಟ್ಟಿಯಾಗುತ್ತದೆ. ಹಾಗಾಗಿ ದಿನವಿಡೀ ಹಾಕಿದರೂ ಚುಚ್ಚುವುದಿಲ್ಲ.

ಪರೀಕ್ಷೆ ಸರಳ. ಪ್ಯಾಡಿನ ಮೇಲೆ ಐದು ಕೆ.ಜಿ. ಭಾರವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿ, ಕೆಳಗೆ ಎಷ್ಟು ಬಲ ದಾಟಿತು ಅಂತ ನೋಡುತ್ತಾರೆ. ಕೈಕಾಲಿನ ಪ್ಯಾಡಿಗೆ ಸರಾಸರಿ 35 ಕಿಲೋನ್ಯೂಟನ್ (ಇದು ಬಲದ ಅಳತೆ) ಒಳಗಿದ್ದರೆ ಲೆವೆಲ್ 1, 20ರ ಒಳಗಿದ್ದರೆ ಲೆವೆಲ್ 2. ಬೆನ್ನಿನ ಪ್ಯಾಡಿಗೆ ಇನ್ನೂ ಬಿಗಿ: 18 ಮತ್ತು 9. ಅಂದರೆ ಲೆವೆಲ್ 2 ಅನ್ನುವುದು ಬರೀ ಹೆಸರಲ್ಲ, ಒಳಗೆ ದಾಟುವ ಪೆಟ್ಟು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ.

ಜಾಕೆಟ್ ಕೈಗೆ ಬಂದ ಕೂಡಲೇ ಬೆನ್ನಿನ ಒಳಜೇಬು ತೆಗೆದು ನೋಡಿ. ಎಷ್ಟೋ ಜಾಕೆಟ್ಟುಗಳಲ್ಲಿ ಅಲ್ಲಿರುವುದು ಬರೀ ಸ್ಪಂಜು. ಯಾವ ಅಂಕಿಯೂ ಅಚ್ಚಾಗಿರುವುದಿಲ್ಲ. ನಿಜವಾದ ಪ್ಯಾಡಿನ ಮೇಲೆ ಸವಾರನ ಚಿತ್ರ, ಇಎನ್ 1621 ಅನ್ನುವ ಸಂಖ್ಯೆ, ಲೆವೆಲ್ ಎಲ್ಲ ಅಚ್ಚೊತ್ತಿರುತ್ತದೆ. ಇನ್ನೊಂದು ವಿಷಯ, ಜಾಕೆಟ್ ಸಡಿಲ ಇದ್ದರೆ ಮೊಣಕೈ ಪ್ಯಾಡು ಬೀಳುವಾಗ ಪಕ್ಕಕ್ಕೆ ಸರಿದು, ಮೂಳೆ ಬರಿದಾಗಿ ನೆಲಕ್ಕೆ ಸಿಗುತ್ತದೆ. ಗೆಳೆಯರಿಗೆ ಹೇಳಿ ತೋಳು ಹಿಡಿದು ತಿರುಗಿಸಿಕೊಂಡು ನೋಡಿ. ಪ್ಯಾಡು ಕದಲಬಾರದು.

ಬೆನ್ನಿನ ಪ್ಯಾಡು ಬೆನ್ನುಮೂಳೆಯನ್ನು ಎಲ್ಲದರಿಂದಲೂ ಕಾಪಾಡುತ್ತದೆ ಅನ್ನುವುದು ಅತಿ ನಂಬಿಕೆ. ಅದು ತಡೆಯುವುದು ನೇರವಾಗಿ ಬೆನ್ನಿಗೆ ಬಿದ್ದ ಪೆಟ್ಟನ್ನು. ಮೈ ತಿರುಚಿಕೊಂಡು ಅಥವಾ ಮಡಚಿಕೊಂಡು ಆಗುವ ಗಾಯಕ್ಕೆ ಅದರ ಹತ್ತಿರ ಮದ್ದಿಲ್ಲ. ಗಾಳಿ ತುಂಬಿಕೊಳ್ಳುವ ಏರ್‌ಬ್ಯಾಗ್ ಜಾಕೆಟ್ಟುಗಳು ಎದೆ ಮತ್ತು ಕುತ್ತಿಗೆಯ ಸುತ್ತ ಸ್ವಲ್ಪ ಹೆಚ್ಚು ನೆರವಾಗುತ್ತವೆ. ಮೋಟೋಜಿಪಿ ರೇಸಿನಲ್ಲಿ 2018ರಿಂದ ಇವು ಕಡ್ಡಾಯ.

## ಮೊದಲು ನೆಲಕ್ಕೆ ಹೋಗುವುದು ಕೈ

ಬೀಳುವಾಗ ಕೈ ಮುಂದೆ ಚಾಚಬೇಡ ಅಂತ ಎಷ್ಟು ಹೇಳಿದರೂ ಕೈ ಕೇಳುವುದಿಲ್ಲ. ಅದು ಹುಟ್ಟಿನಿಂದ ಬಂದ ಅಭ್ಯಾಸ. ಬರಿಗೈ ಟಾರಿಗೆ ತಾಗಿದರೆ ಜಾರುವುದಿಲ್ಲ, ಕಚ್ಚಿಕೊಳ್ಳುತ್ತದೆ. ಅಂಗೈ ನಿಂತುಬಿಡುತ್ತದೆ, ಮೈ ಇನ್ನೂ ಮುಂದಕ್ಕೆ ಹೋಗುತ್ತಿರುತ್ತದೆ. ನಡುವೆ ಸಿಕ್ಕಿಕೊಂಡ ಮಣಿಕಟ್ಟು ಹಿಂದಕ್ಕೆ ಮುರಿಯುತ್ತದೆ.

ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಗೋಡಂಬಿಯಷ್ಟು ಸಣ್ಣ ಸ್ಕೇಫಾಯ್ಡ್ ಅನ್ನುವ ಮೂಳೆ ಇದೆ. ಹೀಗೆ ಬಿದ್ದವರಲ್ಲಿ ಅದು ಮುರಿಯುವುದು ತೀರ ಸಾಮಾನ್ಯ. ಅದಕ್ಕೆ ರಕ್ತ ಹರಿಯುವುದು ಒಂದು ತುದಿಯಿಂದ ಹೆಚ್ಚು. ಮುರಿದರೆ ಇನ್ನೊಂದು ತುಂಡಿಗೆ ರಕ್ತ ಸರಿಯಾಗಿ ಸಿಗದೆ ಕೂಡಿಕೊಳ್ಳಲು ತಿಂಗಳುಗಟ್ಟಲೆ ಆಗಬಹುದು, ಕೆಲವೊಮ್ಮೆ ಕೂಡುವುದೇ ಇಲ್ಲ. ಮೊದಲ ದಿನದ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು.

ಒಳ್ಳೆಯ ಗ್ಲೌಸಿನ ಅಂಗೈ ಬುಡದಲ್ಲಿ ನುಣುಪಾದ ಗಟ್ಟಿ ಬಿಲ್ಲೆ ಇರುತ್ತದೆ. ಅದು ಅಲಂಕಾರಕ್ಕಲ್ಲ. ಕೈ ಕಚ್ಚಿಕೊಳ್ಳದೆ ಜಾರಲಿ ಅಂತ. ಮಣಿಕಟ್ಟಿಗೆ ಬಿಗಿಯುವ ಪಟ್ಟಿಯೂ ಇರಬೇಕು, ಇಲ್ಲದಿದ್ದರೆ ಗ್ಲೌಸ್ ಕಳಚಿ ಹೋಗುತ್ತದೆ. ಬೆರಳು ಬಿಟ್ಟ ಅರ್ಧ ಗ್ಲೌಸು ನೋಡಲು ಚೆನ್ನ, ಅಷ್ಟೇ.

## ಕಾಲಿನ ಮೇಲೆ ಬೀಳುವುದು ಬೈಕು

ಕಾಲಿಗೆ ಇನ್ನೊಂದು ಅಪಾಯ ಇದೆ. ಬೈಕೇ ಅದರ ಮೇಲೆ ಬೀಳುತ್ತದೆ. ನೂರೈವತ್ತು ಕೆ.ಜಿ. ತೂಕ, ಜೊತೆಗೆ ಕಾದ ಸೈಲೆನ್ಸರ್. ಚಪ್ಪಲಿ ಅಂತೂ ಮೊದಲೇ ಹಾರಿಹೋಗಿರುತ್ತದೆ. ಕಣಕಾಲಿನ ಗಂಟು ಮುಚ್ಚುವ, ಕಳಚದ, ಕೈಯಲ್ಲಿ ತಿರುಚಿದರೆ ಸುಲಭವಾಗಿ ತಿರುಚಿಕೊಳ್ಳದ ಬೂಟು ಬೇಕು. ಲೇಸ್ ಇದ್ದರೆ ಒಳಗೆ ಸಿಕ್ಕಿಸಿ. ಗೇರ್ ಲಿವರಿಗೆ ಸುತ್ತಿಕೊಂಡರೆ ನಿಲ್ಲಿಸಿದಾಗ ಕಾಲು ಇಳಿಸಲು ಆಗುವುದಿಲ್ಲ.

ಜಾಕೆಟ್ ಇದ್ದವರಲ್ಲೂ ಬಹಳ ಜನ ಪ್ಯಾಂಟನ್ನು ಮರೆಯುತ್ತಾರೆ. ಆಸ್ಟ್ರೇಲಿಯಾದಲ್ಲಿ ಅಪಘಾತಕ್ಕೆ ಸಿಕ್ಕ 212 ಸವಾರರನ್ನು ನೋಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಆಸ್ಪತ್ರೆಗೆ ದಾಖಲಾಗುವ ಸಂಭವ ಬೈಕ್ ಜಾಕೆಟ್ ಹಾಕಿದವರಲ್ಲಿ ಸುಮಾರು 21% ಕಮ್ಮಿ ಇತ್ತು. ಬೈಕ್ ಪ್ಯಾಂಟ್ ಹಾಕಿದವರಲ್ಲಿ ಸುಮಾರು ಅರ್ಧ ಕಮ್ಮಿ. ಅದೇ ಅಧ್ಯಯನದ ಇನ್ನೊಂದು ಅಂಕಿ ಕಹಿಯಾದದ್ದು: ಕಾಲು ಭಾಗಕ್ಕಿಂತ ಹೆಚ್ಚು ಜಾಕೆಟ್ಟುಗಳು, ಪ್ಯಾಂಟುಗಳು ಬಿದ್ದಾಗ ಹರಿದೋ ಬಿಚ್ಚಿಯೋ ಕೈಕೊಟ್ಟಿದ್ದವು. ಬೈಕ್ ಜಾಕೆಟ್ ಅಂತ ಹೆಸರಿಟ್ಟು ಮಾರಿದ್ದೆಲ್ಲ ಕಾಪಾಡುವುದಿಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇರಿ 2018ರಲ್ಲಿ ಮೋಟೋಕ್ಯಾಪ್ ಅನ್ನುವ ಯೋಜನೆ ಶುರುಮಾಡಿದವು. ತಯಾರಕರಿಗೆ ಹೇಳದೆ ಬಟ್ಟೆ ಕೊಂಡು, ಪರೀಕ್ಷಿಸಿ, ನಕ್ಷತ್ರಗಳ ಲೆಕ್ಕದಲ್ಲಿ ಅಂಕ ಕೊಡುತ್ತಾರೆ.

## ಸೆಕೆ, ಕುತ್ತಿಗೆ, ಕಣ್ಣು

ಹಾಕದಿರಲು ಜನ ಕೊಡುವ ಕಾರಣಗಳಲ್ಲಿ ಒಂದು ಮಾತ್ರ ಪೂರ್ತಿ ನಿಜ. ಸೆಕೆ. ಇದಕ್ಕೆ ಗಾಳಿಯಾಡುವ ಜಾಲರಿ ಜಾಕೆಟ್ಟುಗಳಿವೆ, ಉಜ್ಜುವಿಕೆ ತಡೆಯುವುದರಲ್ಲಿ ಅವು ಸ್ವಲ್ಪ ಹಿಂದೆ. ಹೊರಗಿನ ಗಾಳಿ ಮೈಚರ್ಮದ ಬಿಸಿಯನ್ನೂ ಮೀರಿದರೆ, ಅಂದರೆ ಸುಮಾರು 35 ಡಿಗ್ರಿ ದಾಟಿದರೆ, ಬರಿತೋಳಿಗೆ ಬೀಸುವ ಗಾಳಿ ತಾನೇ ಬಿಸಿ ತುಂಬುತ್ತದೆ, ಬೆವರನ್ನು ಬೇಗ ಒಣಗಿಸುತ್ತದೆ. ಅಂಥ ದಿನ ಒಳಗಿನ ಅಂಗಿ ಒದ್ದೆ ಮಾಡಿಕೊಂಡು ಮೇಲೆ ಜಾಕೆಟ್ ಹಾಕಿದರೆ ಜಾಸ್ತಿ ಹೊತ್ತು ತಂಪಾಗಿರುತ್ತದೆ.

ಹೆಲ್ಮೆಟ್ಟಿನ ಭಾರಕ್ಕೆ ಕುತ್ತಿಗೆ ಮುರಿಯುತ್ತದೆ ಅನ್ನುವುದು ಹಳೆಯ ಮಾತು. ಅಮೆರಿಕದಲ್ಲಿ 40,000ಕ್ಕೂ ಹೆಚ್ಚು ಅಪಘಾತಗಳ ದಾಖಲೆ ಜಾಲಾಡಿದ 2011ರ ಅಧ್ಯಯನದಲ್ಲಿ ಸಿಕ್ಕಿದ್ದು ಅದಕ್ಕೆ ಉಲ್ಟಾ. ಹೆಲ್ಮೆಟ್ ಹಾಕಿದವರಲ್ಲಿ ಕುತ್ತಿಗೆಯ ಬೆನ್ನುಮೂಳೆಗೆ ಪೆಟ್ಟಾಗುವ ಸಂಭವ 22% ಕಮ್ಮಿ ಇತ್ತು. ಪಕ್ಕದ ನೋಟ ಮರೆಯಾಗುತ್ತದೆ ಅನ್ನುವುದಕ್ಕೂ ಹೆಚ್ಚು ಆಧಾರವಿಲ್ಲ. ಅಮೆರಿಕದ ಮಾನದಂಡದಲ್ಲಿ ನಡುಗೆರೆಯಿಂದ ಎರಡೂ ಕಡೆ 105 ಡಿಗ್ರಿ ತೆರೆದಿರಲೇಬೇಕು. ನೋಟಕ್ಕೆ ನಿಜವಾದ ಶತ್ರು ಗೀರು ಬಿದ್ದ ವೈಸರ್, ಅಂದರೆ ಮುಖದ ಮುಂದಿನ ಪಾರದರ್ಶಕ ಹಾಳೆ. ಎದುರಿನ ಹೆಡ್‌ಲೈಟ್ ಬೆಳಕು ಅದರ ಮೇಲೆ ಚೆಲ್ಲಿಕೊಂಡು ರಾತ್ರಿ ಏನೂ ಕಾಣುವುದಿಲ್ಲ. ಕಪ್ಪು ವೈಸರ್ ರಾತ್ರಿ ಹಾಕುವುದಂತೂ ಬೇಡವೇ ಬೇಡ.

ಬಣ್ಣದ ಬಗ್ಗೆಯೂ ಒಂದು ಮಾತು. ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದ ಸವಾರರ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಳೆಯುವ ಅಥವಾ ಬೆಳಕು ಮರಳಿಸುವ ಬಟ್ಟೆ ತೊಟ್ಟವರಿಗೆ ಗಾಯದ ಅಪಘಾತದ ಸಂಭವ 37% ಕಮ್ಮಿ. ಬಿಳಿ ಹೆಲ್ಮೆಟ್ಟಿನವರಿಗೆ ಕಪ್ಪು ಹೆಲ್ಮೆಟ್ಟಿನವರಿಗಿಂತ 24% ಕಮ್ಮಿ. ಆದರೂ ಮಾರಾಟಕ್ಕೆ ಇಟ್ಟಿದ್ದೆಲ್ಲ ಹೆಚ್ಚಾಗಿ ಕಪ್ಪೇ!

## ಬಿದ್ದವರ ಹೆಲ್ಮೆಟ್ ಎಳೆಯುವ ಮುಂಚೆ

ಅಪಘಾತ ಆದ ಕೂಡಲೇ ಸುತ್ತ ಸೇರಿದವರು ಮಾಡುವ ಮೊದಲ ಕೆಲಸ ಹೆಲ್ಮೆಟ್ ಎಳೆದು ತೆಗೆಯುವುದು. ಕುತ್ತಿಗೆ ಮೂಳೆ ಬಿರುಕುಬಿಟ್ಟಿದ್ದರೆ ಆ ಒಂದು ಎಳೆತ ಸಾಕು. ಉಸಿರಾಡುತ್ತಿದ್ದರೆ ಹೆಲ್ಮೆಟ್ಟನ್ನು ಹಾಗೇ ಬಿಡಿ. ವೈಸರ್ ಮೇಲೆತ್ತಿ, ಪಟ್ಟಿ ಬಿಗಿಯಾಗಿದ್ದರೆ ಸಡಿಲಿಸಿ, ತಲೆ ಅಲುಗದಂತೆ ಹಿಡಿದುಕೊಂಡು ಆಂಬುಲೆನ್ಸ್ ಕಾಯಿರಿ.

ಉಸಿರು ನಿಂತಿದ್ದರೆ ಅಥವಾ ವಾಂತಿಯಾಗಿ ಉಸಿರುಗಟ್ಟುತ್ತಿದ್ದರೆ ತೆಗೆಯದೆ ವಿಧಿಯಿಲ್ಲ. ಆಗ ಇಬ್ಬರು ಬೇಕು. ಒಬ್ಬರು ಗದ್ದ ಮತ್ತು ಕುತ್ತಿಗೆಯ ಹಿಂಭಾಗ ಹಿಡಿದು ತಲೆ ಅಲುಗದಂತೆ ನೋಡಿಕೊಳ್ಳಬೇಕು. ಇನ್ನೊಬ್ಬರು ತಲೆಯ ಹಿಂದೆ ಮಂಡಿಯೂರಿ, ಪಟ್ಟಿ ಬಿಚ್ಚಿಯೋ ಕತ್ತರಿಸಿಯೋ, ಹೆಲ್ಮೆಟ್ಟಿನ ಎರಡೂ ಪಕ್ಕವನ್ನು ಹೊರಕ್ಕೆ ಅಗಲಿಸುತ್ತಾ ನಿಧಾನಕ್ಕೆ ಜಾರಿಸಬೇಕು. ಕೆಲವು ಹೆಲ್ಮೆಟ್ಟುಗಳ ಕೆಳ ಅಂಚಿನಲ್ಲಿ ಎರಡು ಕೆಂಪು ಪಟ್ಟಿಗಳು ಕಾಣುತ್ತವೆ. ಅವನ್ನು ಎಳೆದರೆ ಕೆನ್ನೆಯ ಸ್ಪಂಜುಗಳು ಹೊರಗೆ ಬಂದು, ಕುತ್ತಿಗೆಗೆ ಹೆಚ್ಚು ಎಳೆತ ಬೀಳದೆ ಹೆಲ್ಮೆಟ್ ಕಳಚುತ್ತದೆ. ನಿಮ್ಮದರಲ್ಲಿ ಅವು ಇದ್ದರೆ ಮನೆಯವರಿಗೂ ಜೊತೆಯಲ್ಲಿ ಸವಾರಿ ಮಾಡುವವರಿಗೂ ಒಂದು ಸಲ ತೋರಿಸಿಡಿ.